ರಕ್ತದ ಸಾಕ್ಷಿಯೂ ಮನಸ್ಸಾಕ್ಷಿಯೂ

ಕೆಲವು ಸಂಗತಿಗಳನ್ನು ಮನೆಯ ಜಗಲಿಯ ಮೇಲೆ ಕೂತು ಮಾತಾಡುವದು ನಮ್ಮಲ್ಲಿ ವಾಡಿಕೆಯಲ್ಲ. ಅವುಗಳನ್ನು ಬರೆಯುವದಕ್ಕೂ ಕೈ ಹಿಂಜರಿಯುವದು. ಆದರೆ ಮಾತಾಡದೆ ಬಿಟ್ಟ ಮಾತ್ರಕ್ಕೆ ಯಾವ ನೋವೂ ಮಾಯವಾಗುವದಿಲ್ಲ. ಮುಚ್ಚಿಟ್ಟ ಗಾಯವು ಒಳಗೊಳಗೇ ಕೀವಾಗುವಂತೆ, ಹೇಳದೆ ಇಟ್ಟ ಭಯವು ರಾತ್ರಿಯ ನಿದ್ರೆಯನ್ನೂ ಹಗಲಿನ ಊಟವನ್ನೂ ಕೆಡಿಸಿಬಿಡುವದು. ಅಂಥ ಒಂದು ಭಯವನ್ನು ಕುರಿತು ಈ ಸಲ ವಿಚಾರಿಸೋಣ. ಅದು ಎಚ್.ಐ.ವಿ. ಎಂಬ ರೋಗಾಣುವಿನ ಭಯವು. ರೋಗವುಳ್ಳವರ ಸಂಕಟವು ಬೇರೆ. ರೋಗವಿಲ್ಲದಿದ್ದರೂ ತಮ್ಮಲ್ಲಿ ಅದು ಉಂಟೆಂದು ನಂಬಿ ನಡುಗುವವರನ್ನು ಇಲ್ಲಿ ಮುಖ್ಯವಾಗಿ ನೆನಸುತ್ತೇನೆ. ಯಾಕಂದರೆ ಅವರ ಭಯದೊಳಗೆ ಯಾವ ವೈದ್ಯನೂ ಬಿಡಿಸಲಾರದ ಒಂದು ಪ್ರಶ್ನೆಯು ಅಡಗಿದೆ.

ಒಂದು ದೃಷ್ಟಾಂತವನ್ನು ಹೇಳುವೆನು. ಇದು ಯಾವನೊಬ್ಬನ ಚರಿತ್ರೆಯಲ್ಲ. ಹಲವರಲ್ಲಿ ಕಾಣಬಹುದಾದದ್ದನ್ನು ಒಬ್ಬನಲ್ಲಿ ಕೂಡಿಸಿ ಹೇಳುವದಾಗಿದೆ. ಕುಮಟೆಯ ಹತ್ತರದ ಹಳ್ಳಿಯ ಒಬ್ಬ ಯೌವನಸ್ಥನು ಬೋಟಿನ ಕೆಲಸಕ್ಕೆಂದು ದೂರದ ಬಂದರಿಗೆ ಹೋಗಿದ್ದನು. ಮನೆಯಲ್ಲಿ ಹೆಂಡತಿಯೂ ಒಂದು ಕೂಸೂ ಇದ್ದರು. ಮೇ ತಿಂಗಳ ಮೊದಲಲ್ಲಿ, ದುಡ್ಡು ಕೈಗೆ ಬಂದ ರಾತ್ರಿ, ಜೊತೆಗಾರರ ಮಾತಿಗೆ ಒಪ್ಪಿ ಅವನು ಹಣ ಕೊಟ್ಟು ಒಬ್ಬ ಸ್ತ್ರೀಯ ಬಳಿಗೆ ಹೋದನು. ಕಾಂಡೋಮ್ ಎಂಬ ರಬ್ಬರಿನ ಕವಚವನ್ನು ಮೊದಲಿನಿಂದ ಕಡೇ ವರೆಗೆ ಉಪಯೋಗಿಸಿದ್ದನು. ಅದು ಹರಿಯಲಿಲ್ಲ, ಜಾರಲಿಲ್ಲ. ಜೂನ್ 1ರಿಂದ ಜುಲೈ 31ರ ವರೆಗೆ ಯಂತ್ರದ ಬೋಟುಗಳು ಮೀನು ಹಿಡಿಯಬಾರದೆಂಬ ನಿಯಮವಿರುವದರಿಂದ, ಮಳೆ ಹಿಡಿಯುವ ಹೊತ್ತಿಗೆ ಅವನು ಮನೆಗೆ ಬಂದನು. ಅಷ್ಟರಲ್ಲಿ ಗಂಟಲು ಕೆರೆಯಿತು. ಮೈ ಬಿಸಿಯಾದಂತೆ ತೋರಿತು. ತೋಳಿನ ಮೇಲೆ ಎರಡು ಗುಳ್ಳೆಗಳು ಎದ್ದವು. ಮಳೆಗಾಲದಲ್ಲಿ ಯಾರಿಗಾದರೂ ಆಗುವಂಥವುಗಳೇ. ಆದರೆ ಅವನಿಗೆ ಅವು ಮರಣದ ಓಲೆಗಳಾಗಿ ಕಂಡವು.

ಕುಮಟೆಯ ಆಸ್ಪತ್ರೆಗೆ ಹೋದರೆ ಗುರುತಿನವರು ಕಂಡಾರೆಂದು ಹೆದರಿ ಅವನು ಬಸ್ಸು ಹತ್ತಿ ಹೊನ್ನಾವರಕ್ಕೆ ಹೋಗಿ ರಕ್ತ ಕೊಟ್ಟನು. ಸೋಂಕು ಇಲ್ಲವೆಂದರು, ಆದರೂ ಕಾಲ ಸಾಲದು, ತಿರಿಗಿ ಬಾ ಎಂದು ಹೇಳಿದರು. ಜುಲೈಯಲ್ಲಿ ಶರಾವತಿಯ ಸೇತುವೆ ದಾಟಿ ಭಟ್ಕಳಕ್ಕೆ ಹೋದನು. ಅಲ್ಲಿಯೂ ಇಲ್ಲವೆಂದರು. ಆಗಸ್ಟಿನಲ್ಲಿ, ಮೂರು ತಿಂಗಳು ತುಂಬಿದ ಮೇಲೆ, ಕಂಡವರು ಕಾಣಲಿ ಎಂದು ಕುಮಟೆಯಲ್ಲಿಯೇ ಕೈ ಚಾಚಿದನು. ಅಲ್ಲಿಯೂ ಇಲ್ಲವೆಂದರು, ಇನ್ನು ಬರಬೇಕಾಗಿಲ್ಲವೆಂದೂ ಹೇಳಿದರು. ಎಂಟು ದಿನ ಅವನು ಚೆನ್ನಾಗಿ ನಿದ್ರೆಮಾಡಿದನು. ಒಂಭತ್ತನೆಯ ದಿನ, ಶೀಶೆ ಅದಲುಬದಲಾಗಿದ್ದರೆ ಏನು ಗತಿ ಎಂಬ ಯೋಚನೆ ಬಂತು. ಹತ್ತನೆಯ ದಿನದಿಂದ ಮೊದಲಿನಂತೆಯೇ ಆಯಿತು. ಕಡೆಗೆ ಅವನು ತನ್ನ ಸಭೆಯ ಬೋಧಕರ ಬಳಿಗೆ ಬಂದನು.

“ಅಯ್ಯನವರೇ, ಮೂರು ಊರುಗಳಲ್ಲಿಯೂ ಇಲ್ಲವೆಂದರು. ಆದರೂ ನನಗೆ ನಂಬಿಕೆ ಬರುವದಿಲ್ಲ. ಮಂಗಳೂರಿಗೆ ಹೋಗಿ ಇನ್ನೊಮ್ಮೆ ಮಾಡಿಸಲೋ?”

“ಹೋಗು ತಮ್ಮಾ, ನಾನು ಬೇಡವೆನ್ನುವದಿಲ್ಲ. ಆದರೆ ಒಂದು ಮಾತು ಹೇಳು. ಅಲ್ಲಿಯೂ ಇಲ್ಲವೆಂದರೆ ನಂಬುವಿಯೋ?”

ಅವನು ಬಹಳ ಹೊತ್ತು ನೆಲ ನೋಡುತ್ತಾ ಕೂತು, “ಇಲ್ಲ, ಅಯ್ಯನವರೇ” ಎಂದನು.

“ಹಾಗಾದರೆ ನೀನು ಕೇಳುತ್ತಿರುವದು ರಕ್ತದ ಪ್ರಶ್ನೆಯಲ್ಲ. ಬೇರೊಂದು ಪ್ರಶ್ನೆಯನ್ನು ರಕ್ತದ ಮುಂದೆ ಇಟ್ಟಿದ್ದೀ.”

ಆ ಬೇರೊಂದು ಪ್ರಶ್ನೆ ಯಾವದು? ಅದನ್ನು ತಿಳಿಯುವ ಮೊದಲು ರಕ್ತದ ಪ್ರಶ್ನೆಯನ್ನು ಸರಿಯಾಗಿ ಮುಗಿಸಬೇಕು. ಯಾಕಂದರೆ ಅಜ್ಞಾನದ ಭಯವನ್ನು ಜ್ಞಾನದಿಂದ ತೆಗೆಯಬೇಕಲ್ಲದೆ ಬುದ್ಧಿವಾದದಿಂದ ತೆಗೆಯಲಾಗದು.

ಈ ರೋಗವು 1981ರಲ್ಲಿ ಅಮೇರಿಕದ ವೈದ್ಯರ ಲಕ್ಷ್ಯಕ್ಕೆ ಬಂತು. 1983ರಲ್ಲಿ ಪ್ಯಾರಿಸ್ ಪಟ್ಟಣದ ಪಾಸ್ಟರ್ ಸಂಸ್ಥೆಯಲ್ಲಿ ಅದರ ರೋಗಾಣುವನ್ನು ಕಂಡುಹಿಡಿದರು. 1985ರಲ್ಲಿ ರಕ್ತಪರೀಕ್ಷೆಯು ಬಳಕೆಗೆ ಬಂತು. ನಮ್ಮ ದೇಶದಲ್ಲಿ ಅದು ಮೊದಲು ಗೊತ್ತಾದದ್ದು 1986ರಲ್ಲಿ. ಮದ್ರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಅವರೂ ಅವರ ಶಿಷ್ಯಳಾದ ನಿರ್ಮಲಾ ಎಂಬವರೂ ಕೂಡಿಸಿದ ರಕ್ತವನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪರೀಕ್ಷಿಸಿದಾಗ ಅದು ಕಂಡುಬಂತು. ಈಗ ದೇಶದಲ್ಲಿ ಸುಮಾರು 25 ಲಕ್ಷ ಜನರು ಈ ಸೋಂಕಿನೊಂದಿಗೆ ಬಾಳುತ್ತಾರೆ. ಪ್ರಾಯಕ್ಕೆ ಬಂದವರಲ್ಲಿ ಸಾವಿರಕ್ಕೆ ಸುಮಾರು ಇಬ್ಬರೆಂದು ಲೆಕ್ಕ.

ಅದು ಹರಡುವ ದಾರಿಗಳು ಕೆಲವೇ: ಕವಚವಿಲ್ಲದ ಸಂಭೋಗ, ಸೋಂಕುಳ್ಳ ರಕ್ತ, ಒಬ್ಬರು ಚುಚ್ಚಿಕೊಂಡ ಸೂಜಿಯನ್ನು ಇನ್ನೊಬ್ಬರು ಉಪಯೋಗಿಸುವದು, ಮತ್ತು ಸೋಂಕುಳ್ಳ ತಾಯಿಯಿಂದ ಗರ್ಭದಲ್ಲಿಯೋ ಹೆರಿಗೆಯಲ್ಲಿಯೋ ಎದೆಹಾಲಿನಿಂದಲೋ ಕೂಸಿಗೆ ತಗಲುವದು. ಮುಟ್ಟುವದರಿಂದ ಅದು ಬಾರದು, ಒಂದೇ ಬಾವಿಯ ನೀರಿನಿಂದ ಬಾರದು, ಸೊಳ್ಳೆಯಿಂದ ಬಾರದು, ಕೆಮ್ಮಿನಿಂದ ಬಾರದು, ಕರ್ತನ ಮೇಜಿನಲ್ಲಿ ಒಂದೇ ಪಾತ್ರೆಯಿಂದ ಕುಡಿದರೂ ಬಾರದು.

ಕವಚದ ವಿಷಯವಾಗಿ ಹೇಳಬೇಕಾದದ್ದೇನಂದರೆ: ಆ ತೆಳ್ಳಗಿನ ರಬ್ಬರು ಈ ರೋಗಾಣುವನ್ನು ದಾಟಗೊಡುವದಿಲ್ಲ. ಅದು ಹರಿದಾಗ, ಜಾರಿದಾಗ, ತಡವಾಗಿ ಧರಿಸಿದಾಗ, ಇಲ್ಲವೆ ಒಮ್ಮೆ ಉಪಯೋಗಿಸಿ ಒಮ್ಮೆ ಬಿಟ್ಟಾಗ ಅಪಾಯವು ಒಳಗೆ ಬರುವದು. ಗಂಡಹೆಂಡರಲ್ಲಿ ಒಬ್ಬರಿಗೆ ಮಾತ್ರ ಸೋಂಕು ಇದ್ದ ಮನೆಗಳನ್ನು ವರುಷಗಟ್ಟಲೆ ಪರಿಶೀಲಿಸಿದವರು, ಯಾವಾಗಲೂ ಕವಚ ಬಳಸಿದವರಲ್ಲಿ ಸೋಂಕು ಸುಮಾರು ನೂರಕ್ಕೆ 80 ಭಾಗ ಕಡಿಮೆಯಾಯಿತೆಂದು ಕಂಡರು; ಬಹುಕಾಲದ ಬಳಕೆಯಲ್ಲಿ ಆಗುವ ತಪ್ಪುಗಳೂ ಆ ಲೆಕ್ಕದೊಳಗೆ ಸೇರಿವೆ. ಒಂದೇ ಸಲ, ಹರಿಯದೆ ಜಾರದೆ ಇದ್ದ ಕವಚದ ಸಂಗತಿಯಲ್ಲಿ ಅಪಾಯವು ಬಹಳ ಬಹಳ ಅಲ್ಪವೇ. ಕವಚವೇ ಇಲ್ಲದೆ, ಚಿಕಿತ್ಸೆ ಹೊಂದದ ಸೋಂಕುಳ್ಳವರೊಡನೆ ಒಮ್ಮೆ ಸ್ತ್ರೀಪುರುಷ ಸಂಗವಾದರೆ, ಪುರುಷನಿಗೆ ತಗಲುವ ಸಂಭವವು ಹತ್ತು ಸಾವಿರಕ್ಕೆ ಸುಮಾರು 4, ಸ್ತ್ರೀಗೆ ಸುಮಾರು 8 ಎಂದು ವೈದ್ಯಶಾಸ್ತ್ರವು ಎಣಿಸುತ್ತದೆ. ಇದನ್ನು ಓದಿ ಯಾವನೂ ಮೈಮರೆಯಬಾರದು. ಹುಣ್ಣುಗಳಿದ್ದರೆ ಅದು ಹೆಚ್ಚುವದು. ಸೋಂಕು ಹೊಸತಾಗಿದ್ದರೆ ಇನ್ನೂ ಹೆಚ್ಚುವದು. ಸಲದ ಮೇಲೆ ಸಲ ಕೂಡುತ್ತಾ ಹೋಗುವದು. ಆದರೆ ನಮ್ಮ ಯೌವನಸ್ಥನು ತನ್ನ ಮನಸ್ಸಿನಲ್ಲಿ ಹಾಕಿಕೊಂಡ ಲೆಕ್ಕವು ಇದಕ್ಕೆ ಎಷ್ಟು ದೂರವೆಂಬದನ್ನು ನೋಡಿರಿ.

ಕವಚವು ಹರಿದಿದ್ದರೆ ಏನು ಮಾಡಬೇಕು? ಆ ದಿನವೇ, ಹೇಗೂ 72 ತಾಸುಗಳೊಳಗೆ, ವೈದ್ಯರನ್ನು ಕಾಣಬೇಕು. ಅವರು ಸರಿಯೆಂದು ಕಂಡರೆ 28 ದಿನ ತಕ್ಕೊಳ್ಳುವ ಔಷಧವನ್ನು ಕೊಡುವರು. ಅದು ಸೋಂಕು ಬೇರೂರುವದನ್ನು ತಡೆಯುವದು. ಪರೀಕ್ಷೆಗಾದರೋ ಅದರ ಕಾಲವುಂಟು. ಬೀಜ ಬಿತ್ತಿದ ಮಾರನೇ ದಿನ ಮೊಳಕೆ ಕಾಣದ ಹಾಗೆ, ಸೋಂಕು ತಗಲಿದ ಕೂಡಲೆ ಪರೀಕ್ಷೆಯಲ್ಲಿ ಕಾಣದು. ಬೆರಳಿನ ತುದಿಯ ರಕ್ತದಿಂದ ಮಾಡುವ ಸಾಮಾನ್ಯ ಪರೀಕ್ಷೆಯು ಮೂರು ತಿಂಗಳು ತುಂಬಿದ ಮೇಲೆ ಇಲ್ಲವೆಂದರೆ ಅದು ಕಡೇ ಮಾತು; ನರದಿಂದ ರಕ್ತ ತೆಗೆದು ಮಾಡುವ ಹೊಸ ಬಗೆಯ ಪರೀಕ್ಷೆಯು ಸುಮಾರು 45 ದಿನಗಳಲ್ಲಿ ಅಂಥ ಮಾತನ್ನು ಹೇಳಬಲ್ಲದು. ಸೋಂಕು ಉಂಟೆಂದು ಹೇಳುವದಕ್ಕೂ ಒಂದೇ ಪರೀಕ್ಷೆ ಸಾಲದು. ಮೂರು ಬೇರೆ ಬೇರೆ ಪರೀಕ್ಷೆಗಳು ಒಪ್ಪಿದ ಮೇಲೆಯೇ ಹಾಗೆ ಹೇಳುತ್ತಾರೆ. ತಾಲೂಕು ಆಸ್ಪತ್ರೆಗಳ ಐ.ಸಿ.ಟಿ.ಸಿ. ಎಂಬ ಕೇಂದ್ರಗಳಲ್ಲಿ ಇದಕ್ಕೆ ದುಡ್ಡು ತಕ್ಕೊಳ್ಳುವದಿಲ್ಲ. ಪರೀಕ್ಷೆಯ ಮುಂಚೆಯೂ ಆಮೇಲೂ ಆಪ್ತಸಮಾಲೋಚಕರು ಮಾತಾಡುತ್ತಾರೆ. ಬಾಯಿ ಬಿಟ್ಟು ಕೇಳಲು ನಾಚುವವರು 1097 ಎಂಬ ಸಂಖ್ಯೆಗೆ ಹಣವಿಲ್ಲದೆ ಫೋನು ಮಾಡಬಹುದು. 2018ರ ಸೆಪ್ಟೆಂಬರ್ 10ರಿಂದ ನಡೆಯುತ್ತಿರುವ 2017ರ ಕಾಯಿದೆಯ ಪ್ರಕಾರ, ಕಾಯಿದೆಯೇ ಹೇಳಿದ ಕೆಲವು ಸಂಗತಿಗಳ ಹೊರತು, ಒಪ್ಪಿಗೆಯಿಲ್ಲದೆ ಪರೀಕ್ಷಿಸಬಾರದು, ಫಲವನ್ನು ಬಯಲುಮಾಡಬಾರದು, ಸೋಂಕಿನ ನಿಮಿತ್ತ ಯಾರನ್ನೂ ಕೆಲಸದಿಂದಾಗಲಿ ಶಾಲೆಯಿಂದಾಗಲಿ ತಳ್ಳಬಾರದು.

ನಮ್ಮ ಕರಾವಳಿಯಲ್ಲಿ ಒಂದು ತೊಟ್ಟು ರಕ್ತದ ಮೇಲೆ ಎಷ್ಟು ಭಾರವಿದೆಯೆಂಬದನ್ನು ನಾನು ಮರೆಯುವದಿಲ್ಲ. ಭಟ್ಕಳದ ಕಡೆಯಿಂದ ಅನೇಕರು ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುತ್ತಾರೆ. ಅಲ್ಲಿ ಇರುವದಕ್ಕೆ ಅಪ್ಪಣೆ ಬೇಕಾದರೆ ಈ ಪರೀಕ್ಷೆಯನ್ನು ದಾಟಬೇಕು. ಸೋಂಕು ಕಂಡರೆ ಅಪ್ಪಣೆ ಸಿಕ್ಕದು. ಮನೆಯ ಸಾಲ, ತಂಗಿಯ ಮದುವೆ, ಮುದುಕ ತಂದೆಯ ಔಷಧ, ಇವೆಲ್ಲಾ ಆ ತೊಟ್ಟಿಗೆ ತೂಗಿಕೊಂಡಿರುವವು. ಆದದರಿಂದ ಭಯಪಡುವವನನ್ನು ನಗಬಾರದು. ಆದರೂ ಕಾಲ ತುಂಬಿದ ಮೇಲೆ ಪರೀಕ್ಷೆಯು ಇಲ್ಲವೆಂದು ಹೇಳಿದರೆ ಅದು ಕುಮಟೆಯಲ್ಲಿ ಒಂದು, ಹೊನ್ನಾವರದಲ್ಲಿ ಒಂದು, ಭಟ್ಕಳದಲ್ಲಿ ಇನ್ನೊಂದು ಆಗದು. ಬಸ್ಸು ಹೊಳೆ ದಾಟಿದ ಮಾತ್ರಕ್ಕೆ ರಕ್ತವು ಬದಲಾಗುವದಿಲ್ಲ. ರಕ್ತದ ಸಾಕ್ಷಿಯು ಅಲ್ಲಿಗೆ ಮುಗಿಯಿತು; ಸತ್ಯವಾದ ಸಾಕ್ಷಿಯನ್ನು ನಂಬುವದು ಕರ್ತವ್ಯವೇ ಸರಿ.

ಹಾಗಾದರೆ ನಮ್ಮ ಯೌವನಸ್ಥನು ಯಾಕೆ ನಂಬಲಾರನು? ಅವನಲ್ಲಿ ಎರಡು ಪ್ರಶ್ನೆಗಳು ಒಂದಾಗಿ ಹೆಣೆದುಕೊಂಡಿವೆ. ಒಂದು, “ನನ್ನಲ್ಲಿ ರೋಗವಿದೆಯೋ?” ಇನ್ನೊಂದು, “ನಾನು ಮಾಡಿದ್ದು ಏನು?” ಮೊದಲನೆಯದಕ್ಕೆ ಉತ್ತರ ಕೊಡುವವರು ಆಸ್ಪತ್ರೆಯಲ್ಲಿದ್ದಾರೆ. ಎರಡನೆಯದಕ್ಕೆ ಅಲ್ಲಿ ಯಾರೂ ಇಲ್ಲ. ಅವನು ಎರಡನೆಯದನ್ನು ಕೇಳಲು ಧೈರ್ಯವಿಲ್ಲದೆ, ಅದಕ್ಕೆ ಮೊದಲನೆಯದರ ಅಂಗಿ ತೊಡಿಸಿ ಊರೂರಿಗೆ ಕರಕೊಂಡು ಹೋಗುತ್ತಾನೆ. ಅದು ಅಲ್ಲಿ ಉತ್ತರ ಹೊಂದದೆ ಪ್ರತಿ ಸಲವೂ ಅವನ ಸಂಗಡಲೇ ಮನೆಗೆ ಬರುತ್ತದೆ. ಅವನ ಮನಸ್ಸಿನ ಮೂಲೆಯಲ್ಲಿ ಒಂದು ನ್ಯಾಯಸ್ಥಾನ ಕೂತಿದೆ. ತಪ್ಪು ಮಾಡಿದವನಿಗೆ ದಂಡನೆಯಾಗಲೇಬೇಕು, ರೋಗವೇ ಆ ದಂಡನೆ, ಅದು ಬಾರದಿದ್ದರೆ ಲೆಕ್ಕ ಚುಕ್ತವಾಗಲಿಲ್ಲ ಎಂದು ಅದು ತೀರ್ಪು ಬರೆದಿದೆ. ಆದದರಿಂದ ಸೋಂಕಿಲ್ಲವೆಂಬ ಚೀಟಿಯು ಅವನಿಗೆ ಬಿಡುಗಡೆಯಾಗಿ ತೋರದೆ, ವಾಯಿದೆ ಮುಂದೆ ಹಾಕಿದ ಮೊಕದ್ದಮೆಯಾಗಿ ತೋರುತ್ತದೆ.

ಈಗ ನಾವು ಕೇಳಬೇಕಾದದ್ದು: ಈ ಭಯವು ಪಶ್ಚಾತ್ತಾಪವೋ? ನೋಡುವದಕ್ಕೆ ಹಾಗೆಯೇ ಕಾಣುವದು. ಅಳುವದು ಉಂಟು, ಉಪವಾಸ ಉಂಟು, ನಿದ್ರೆಯಿಲ್ಲದ ರಾತ್ರಿಗಳು ಉಂಟು. ಆದರೆ ಎರಡಕ್ಕೂ ಒಂದು ಭೇದವುಂಟು. ಭಯವು ಕೇಳುವದು: “ನನಗೆ ಏನಾಗುವದು?” ಪಶ್ಚಾತ್ತಾಪವು ಕೇಳುವದು: “ನನ್ನಿಂದ ಯಾರಿಗೆ ಏನಾಯಿತು?” ಮೊದಲನೆಯದು ಒಳಕ್ಕೆ ತಿರುಗಿದ ಕಣ್ಣು, ಎರಡನೆಯದು ಹೊರಕ್ಕೆ ತಿರುಗಿದ ಕಣ್ಣು. ಸಾಲ ಮಾಡಿದವನು ಸಾಲ ಕೊಟ್ಟವನ ಮನೆಯ ಮುಂದೆ ಹೋಗದೆ ತನ್ನ ಕೋಣೆಯಲ್ಲಿ ಕೂತು ಎದೆ ಬಡಕೊಂಡರೆ, ಅವನ ನೋವು ನಿಜವಾದದ್ದೇ. ಆದರೆ ಕೊಟ್ಟವನಿಗೆ ಒಂದು ಕಾಸೂ ಸೇರಲಿಲ್ಲ. ಈ ಯೌವನಸ್ಥನ ಆರು ತಿಂಗಳ ನಡುಕದಿಂದ ಅವನ ಹೆಂಡತಿಗೆ ಏನು ಬಂತು? ಅವನು ಅವಳಿಂದ ದೂರ ಮಲಗಿದನು, ಕಾರಣ ಹೇಳಲಿಲ್ಲ, ಕೂಸನ್ನು ಎತ್ತಿಕೊಳ್ಳಲು ಹಿಂಜರಿದನು, ಎತ್ತಿಕೊಳ್ಳುವದರಿಂದ ಏನೂ ಆಗದಿದ್ದರೂ, ಕೇಳಿದರೆ ಸಿಡುಕಿದನು. ತನ್ನಲ್ಲಿ ಏನು ಕೊರತೆಯೋ ಎಂದು ಅವಳು ಒಲೆಯ ಮುಂದೆ ಕಣ್ಣೊರಸಿಕೊಂಡಳು. ಹೀಗೆ ಒಂದು ರಾತ್ರಿಯ ತಪ್ಪಿಗೆ ಒಂದು ಮಳೆಗಾಲದ ತಪ್ಪು ಕೂಡಿತು. ಎರಡನೆಯದನ್ನು ಅವನು ತಪ್ಪೆಂದು ಎಣಿಸಲೇ ಇಲ್ಲ. ಅದು ತನ್ನ ಕಷ್ಟವೆಂದು ಎಣಿಸಿದನು.

ಇನ್ನೊಬ್ಬಳೂ ಇದ್ದಾಳೆ. ದುಡ್ಡು ತಕ್ಕೊಂಡ ಆ ಸ್ತ್ರೀಯನ್ನು ಅವನು ಈ ತಿಂಗಳುಗಳಲ್ಲಿ ದಿನಕ್ಕೆ ನೂರು ಸಲ ನೆನಸಿದನು; ಆದರೆ ವಿಷದ ಬಾವಿಯನ್ನು ನೆನಸುವಂತೆ ನೆನಸಿದನು. ಅವಳು ಯಾವ ಊರಿನವಳು, ಯಾವ ಬಡತನವು ಅವಳನ್ನು ಅಲ್ಲಿಗೆ ತಂದಿತು, ಅವಳ ಮಕ್ಕಳೆಲ್ಲಿ ಎಂಬದು ಒಮ್ಮೆಯಾದರೂ ಅವನ ಮನಸ್ಸಿಗೆ ಬರಲಿಲ್ಲ. ರೋಗವು ಗಂಡಸರಿಂದಲೇ ಅವಳಿಗೆ ಬರಬೇಕಾಗಿತ್ತೆಂಬದೂ ಬರಲಿಲ್ಲ. ಭಯವು ಎಷ್ಟು ಗಟ್ಟಿಯಾಗಿ ಕೂಗುವದಂದರೆ ಬೇರೆಯವರ ದನಿಯು ಕೇಳದೆ ಹೋಗುವದು.

ರೋಗವೇ ಪಾಪದ ಕೂಲಿಯೆಂಬ ಎಣಿಕೆಯು ಹೊಸತಲ್ಲ. ನಮ್ಮ ಕರಾವಳಿಗೆ ಅದು ಚೆನ್ನಾಗಿ ಗೊತ್ತಿರುವ ಮಾತು. ಪೋರ್ತುಗೀಸರ ಹಡಗುಗಳು ಭಟ್ಕಳ ಹೊನ್ನಾವರಗಳ ಬಂದರುಗಳಿಗೆ ಬರುತ್ತಿದ್ದ 16ನೆಯ ಶತಮಾನದಲ್ಲಿ ಭಾವಮಿಶ್ರನೆಂಬ ವೈದ್ಯನು ತನ್ನ ಭಾವಪ್ರಕಾಶವೆಂಬ ಗ್ರಂಥದಲ್ಲಿ ಒಂದು ಹೊಸ ರೋಗವನ್ನು ವರ್ಣಿಸಿ ಅದಕ್ಕೆ ಫಿರಂಗ ರೋಗವೆಂದು ಹೆಸರಿಟ್ಟನು. ಈಗ ಸಿಫಿಲಿಸ್ ಎಂದು ಕರೆಯುವದು ಅದನ್ನೇ. ಫಿರಂಗಿಯವರಿಂದ ಬಂದದ್ದೆಂದು ನಾವು ಹೇಳಿದೆವು. ಫಿರಂಗಿಯವರೋ ತಮ್ಮ ನೆರೆಯ ದೇಶಗಳ ಹೆಸರನ್ನು ಅದಕ್ಕೆ ಕಟ್ಟಿದರು. ರೋಗವನ್ನು ಮತ್ತೊಬ್ಬರ ಬಾಗಿಲಲ್ಲಿ ಇಡುವ ವಿಷಯದಲ್ಲಿ ಎಲ್ಲಾ ಜನಾಂಗಗಳೂ ಒಂದೇ. ಆ ರೋಗಕ್ಕೆ 1906ರಲ್ಲಿ ವಾಸರ್ಮನ್ ಎಂಬ ಜರ್ಮನ್ ಪಂಡಿತನು ರಕ್ತಪರೀಕ್ಷೆಯನ್ನು ಕಂಡುಹಿಡಿದನು. ರೋಗವಿಲ್ಲದಿದ್ದರೂ ಉಂಟೆಂದು ನಂಬಿ ವೈದ್ಯರ ಬಾಗಿಲು ಬಡಿಯುವವರು ಆ ಕಾಲದಲ್ಲಿಯೂ ಇದ್ದರು; ವೈದ್ಯರು ಆ ಭೀತಿಗೇ ಒಂದು ಬೇರೆ ಹೆಸರನ್ನು ಕೊಡಬೇಕಾಯಿತು. ಕಡೆಗೆ 1943ರಲ್ಲಿ ಪೆನಿಸಿಲಿನ್ ಎಂಬ ಔಷಧದಿಂದ ಆ ರೋಗವನ್ನು ವಾಸಿಮಾಡಬಹುದೆಂದು ಗೊತ್ತಾಯಿತು.

ಇಲ್ಲಿ ನಿಂತು ಯೋಚಿಸಿರಿ. ತಲತಲಾಂತರವಾಗಿ ತಂದೆಗಳೂ ಬೋಧಕರೂ ಯೌವನಸ್ಥರಿಗೆ, ಆ ರೋಗ ಬಂದೀತು, ಆದದರಿಂದ ವ್ಯಭಿಚಾರ ಮಾಡಬೇಡ ಎಂದು ಹೇಳುತ್ತಿದ್ದರು. 1942ರಲ್ಲಿ ತಪ್ಪಾಗಿದ್ದದ್ದು 1943ರಲ್ಲಿ ಸರಿಯಾಯಿತೋ? ಆಗಲಿಲ್ಲವಷ್ಟೆ. ಹಾಗಾದರೆ ಆ ತಪ್ಪಿನ ಬೇರು ರೋಗಾಣುವಿನಲ್ಲಿ ಎಂದೂ ಇರಲಿಲ್ಲ. ಅದು ಕೊಟ್ಟ ಮಾತನ್ನು ಮುರಿಯುವದರಲ್ಲಿ ಇತ್ತು. ನಂಬಿದವಳನ್ನು ವಂಚಿಸುವದರಲ್ಲಿ ಇತ್ತು. ಒಬ್ಬ ಮನುಷ್ಯಳನ್ನು ಹಣಕ್ಕೆ ಸಿಕ್ಕುವ ಸಾಮಾನಾಗಿ ಎಣಿಸುವದರಲ್ಲಿ ಇತ್ತು. ಕವಚವು ರೋಗಾಣುವನ್ನು ತಡೆಯುವದು, ಇವುಗಳನ್ನು ತಡೆಯದು. ಹಾಗೆಯೇ ಸೋಂಕು ತಗಲಿದರೂ ಇವು ದೊಡ್ಡವಾಗುವದಿಲ್ಲ, ತಗಲದಿದ್ದರೂ ಚಿಕ್ಕವಾಗುವದಿಲ್ಲ. ಆದದರಿಂದ ತಪ್ಪನ್ನು ಅಳೆಯುವದಕ್ಕೆ ರಕ್ತಪರೀಕ್ಷೆಯು ತಕ್ಕ ಕೊಳಗವಲ್ಲ.

ಕೆಲವು ಹಿರಿಯರು ಹೇಳಿಯಾರು: “ಭಯವನ್ನೂ ತೆಗೆದುಬಿಟ್ಟರೆ ಯೌವನಸ್ಥರನ್ನು ಹಿಡಿಯುವ ಕಡಿವಾಣ ಯಾವದು? ಅವರಿಗೆ ಈ ಲೆಕ್ಕಗಳನ್ನು ಹೇಳದಿರುವದೇ ಲೇಸು.” ಆ ಮಾತಿನ ಹಿಂದೆ ಪ್ರೀತಿಯಿದೆಯೆಂದು ಬಲ್ಲೆನು. ಆದರೆ ಅದು ಮರಳಿನ ಮೇಲೆ ಕಟ್ಟಿದ ಗೋಡೆ. ಭಯದಿಂದ ಮಾತ್ರ ತಡೆಯಲ್ಪಟ್ಟವನು, ಅಪಾಯವಿಲ್ಲವೆಂದು ಗೊತ್ತಾದ ದಿನ ಯಾವ ತಡೆಯೂ ಇಲ್ಲದವನಾಗುವನು. ಗೊತ್ತುಮಾಡಿಕೊಳ್ಳುವದಕ್ಕೆ ಈಗ ಪ್ರತಿಯೊಬ್ಬನ ಕೈಯಲ್ಲಿಯೂ ಮೊಬೈಲು ಉಂಟು. ನಾವು ಸುಳ್ಳು ಹೇಳಿದೆವೆಂದು ಅವನು ಕಂಡುಕೊಂಡರೆ, ನಾವು ಹೇಳಿದ ಸತ್ಯವನ್ನೂ ನಂಬನು. ಇನ್ನೂ ಒಂದು ಕೇಡು ಉಂಟು: ಭಯಗೊಂಡವನು ಪರೀಕ್ಷೆಯಿಂದ ಓಡುವನು, ನಿಜವಾಗಿ ಸೋಂಕುಳ್ಳವನು ಓಡಿದರೆ ಅದು ಅವನ ಮನೆಯೊಳಕ್ಕೆ ಬರುವದು. ಸತ್ಯವನ್ನು ಹೇಳಿ, ಒಳ್ಳೇದನ್ನು ಒಳ್ಳೇದಾದ ಕಾರಣ ಪ್ರೀತಿಸಲು ಕಲಿಸುವದು ಕಷ್ಟವಾದ ಕೆಲಸ. ಆದರೆ ಬಾಳುವ ಕೆಲಸ ಅದೊಂದೇ.

ರೋಗವನ್ನು ದಂಡನೆಯೆಂದು ಎಣಿಸುವದರಿಂದ ನಿರಪರಾಧಿಗಳಿಗೂ ಅನ್ಯಾಯವಾಗುವದು. ಮೇಲೆ ಹೆಸರಿಸಿದ ಸುನೀತಿ ಸಾಲೊಮನ್ ಅವರು ಚೆನ್ನೈಯಲ್ಲಿ ಸ್ಥಾಪಿಸಿದ ಚಿಕಿತ್ಸಾಲಯಕ್ಕೆ ಬಂದ ಸೋಂಕುಳ್ಳ ಸ್ತ್ರೀಯರ ವಿಷಯವಾಗಿ 2000ನೆಯ ವರುಷದಲ್ಲಿ ಪ್ರಕಟವಾದ ವಿಚಾರಣೆಯಲ್ಲಿ, ಅವರಲ್ಲಿ ಬಹುಪಾಲು ಜನರು ಗಂಡನೊಬ್ಬನನ್ನೇ ಅರಿತ ಗೃಹಿಣಿಯರೆಂದು ಕಂಡುಬಂತು. ಅವರು ಮಾಡಿದ ಪಾಪವೇನು? ಹುಟ್ಟುವಾಗಲೇ ಸೋಂಕು ಹೊಂದಿದ ಕೂಸು ಮಾಡಿದ್ದೇನು? ಇತ್ತ ನೂರು ಸಲ ತಪ್ಪಿ ನಡೆದು ಸೋಂಕಿಲ್ಲದೆ ಪಾರಾದವನು ನೀತಿವಂತನೋ? ರೋಗವು ನ್ಯಾಯಾಧಿಪತಿಯಲ್ಲ. ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ, ಧರ್ಮವಿಲ್ಲ. ಅದು ಮಳೆಯ ನೀರಿನಂತೆ ತಗ್ಗು ಕಂಡಲ್ಲಿ ಹರಿಯುವದು, ಅಷ್ಟೇ.

ಹಾಗಾದರೆ ನಮ್ಮ ಯೌವನಸ್ಥನು ಏನು ಮಾಡಬೇಕು? ಮೊದಲನೆಯದು, ಪರೀಕ್ಷೆಯ ಕಾಲವು ತುಂಬುವ ವರೆಗೆ ಅವನು ಹೆಂಡತಿಯನ್ನು ಅಪಾಯಕ್ಕೆ ಒಡ್ಡಬಾರದು. ಸೋಂಕಿನ ಸಂಭವವು ನಿಜವಾಗಿದ್ದರೆ ಅದನ್ನು ತಿಳಿಯುವ ಹಕ್ಕು ಅವಳಿಗುಂಟು. ಯಾಕಂದರೆ ಅಲ್ಲಿ ಅವಳ ಪ್ರಾಣವೇ ಇದೆ. ಎರಡನೆಯದು, ಕಾಲ ತುಂಬಿ ಇಲ್ಲವೆಂಬ ಫಲ ಬಂದ ಮೇಲೆ ಅಲ್ಲಿಗೆ ನಿಲ್ಲಬೇಕು. ನಾಲ್ಕನೆಯ ಪರೀಕ್ಷೆಯು ಎಚ್ಚರಿಕೆಯಲ್ಲ. ಅದು ಕೆರೆದಷ್ಟೂ ಹೆಚ್ಚುವ ತುರಿಕೆ. ನಿಲ್ಲಿಸಲು ಮನಸ್ಸಿದ್ದರೂ ನಿಲ್ಲಿಸಲಾಗದಿದ್ದರೆ, ಅದನ್ನು ಪಿಶಾಚಿಯ ಕಾಟವೆಂದಾಗಲಿ ವಿಶ್ವಾಸದ ಕೊರತೆಯೆಂದಾಗಲಿ ಎಣಿಸಬಾರದು. ಮನಸ್ಸಿಗೂ ಬೇನೆ ಬರುವದುಂಟು, ಅದಕ್ಕೂ ವೈದ್ಯರುಂಟು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರದ ಸಹಾಯವಾಣಿಯನ್ನು 14416 ಎಂಬ ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಕೇಳಬಹುದು.

ಮೂರನೆಯದು ಎಲ್ಲಕ್ಕಿಂತ ಕಷ್ಟವಾದದ್ದು. ಹೆಂಡತಿಗೆ ಹೇಳಬೇಕೋ? ಇದನ್ನು ಕುರಿತು ಒಳ್ಳೇ ಜನರೇ ಬೇರೆ ಬೇರೆಯಾಗಿ ಹೇಳುತ್ತಾರೆ. ಒಬ್ಬನು ತನ್ನ ಎದೆಯ ಕಲ್ಲನ್ನು ಇಳಿಸುವದಕ್ಕಾಗಿ ಮಾತ್ರ ಹೇಳಿದರೆ, ಆ ಕಲ್ಲನ್ನು ಅವಳ ಎದೆಯ ಮೇಲೆ ಇಟ್ಟಂತಾಯಿತು. ಮಾನ ಉಳಿಸಿಕೊಳ್ಳುವದಕ್ಕಾಗಿ ಮಾತ್ರ ಮುಚ್ಚಿಟ್ಟರೆ, ಅವಳು ನಂಬಿ ಬಾಳುವ ಮನೆಯ ಅಡಿಗಲ್ಲಿನಲ್ಲಿ ಒಂದು ಬಿರುಕನ್ನು ಬಿಟ್ಟಂತಾಯಿತು. ನನ್ನ ಅಭಿಪ್ರಾಯವೇನಂದರೆ, ಹೇಳುವದೇ ಸರಿ. ಆದರೆ ಭಯದ ಉಬ್ಬರದಲ್ಲಿ ಅಲ್ಲ, ಅದು ಇಳಿದ ಮೇಲೆ. ಅವಳಿಂದ ಸಮಾಧಾನವನ್ನು ಬೇಡುವದಕ್ಕಾಗಿ ಅಲ್ಲ, ಅವಳಿಗೆ ಸಲ್ಲಬೇಕಾದ ಸತ್ಯವನ್ನು ಸಲ್ಲಿಸುವದಕ್ಕಾಗಿ. ಹೇಳಿದ ಮೇಲೆ ಅವಳು ಅಳಲಿ, ಸಿಟ್ಟಾಗಲಿ, ತವರಿಗೆ ಹೋಗಲಿ. ಅದು ಅವಳ ಹಕ್ಕು. ಕ್ಷಮೆಯನ್ನು ಬೇಗ ಕೊಡೆಂದು ಅವಸರಪಡಿಸುವ ಅಧಿಕಾರವು ಅವನಿಗೂ ಇಲ್ಲ, ಸಭೆಗೂ ಇಲ್ಲ. ಅವನು ಮಾಡತಕ್ಕದ್ದು ಕಾದಿರುವದು, ಮತ್ತು ದಿನದ ಮೇಲೆ ದಿನ ನಂಬಿಕೆಗೆ ತಕ್ಕವನಾಗಿ ನಡೆಯುವದು. ಕೆಟ್ಟ ದಾರಿ ಹಿಡಿಸಿದ ಜೊತೆಗಾರರಿಗೆ ಮುಂದಿನ ಸಲ ಇಲ್ಲವೆನ್ನುವದೂ ಅದರಲ್ಲಿ ಸೇರಿದೆ.

ಸಭಿಕರಾದ ನಮಗೂ ಒಂದು ಪಾಲು ಉಂಟು. ಅವನು ಕುಮಟೆಯನ್ನು ಬಿಟ್ಟು ಹೊನ್ನಾವರಕ್ಕೆ ಓಡಿದ್ದು ಯಾರ ಕಣ್ಣಿಗೆ ಹೆದರಿ? ನಮ್ಮ ಕಣ್ಣಿಗೇ. ಒಬ್ಬನು ಆಸ್ಪತ್ರೆಯ ಆ ಕೋಣೆಯಿಂದ ಹೊರಗೆ ಬಂದದ್ದನ್ನು ಕಂಡು ಮೀನು ಪೇಟೆಯಲ್ಲಿ ಹೇಳಿದವನು, ಮತ್ತೊಬ್ಬನು ಪರೀಕ್ಷೆಗೆ ಹೋಗದ ಹಾಗೆ ಬಾಗಿಲು ಮುಚ್ಚಿದವನಾಗಿದ್ದಾನೆ. ಒಂದು ವೇಳೆ ಅವನ ಫಲವು ಬೇರೆಯಾಗಿದ್ದರೆ ಏನಾಗುತ್ತಿತ್ತು? ಹಿಂದೆ ಅದು ಮರಣದ ಮಾತಾಗಿತ್ತು, ಈಗ ಅಲ್ಲ. 2004ರ ಏಪ್ರಿಲ್ 1ರಿಂದ ನಮ್ಮ ದೇಶದ ಸರಕಾರವು ಔಷಧವನ್ನು ಧರ್ಮಾರ್ಥವಾಗಿ ಕೊಡುತ್ತದೆ. 2017ರಿಂದ ಸೋಂಕು ಗೊತ್ತಾದ ಎಲ್ಲರಿಗೂ ಕೂಡಲೆ ಕೊಡುತ್ತದೆ. ತಪ್ಪದೆ ಔಷಧ ತಕ್ಕೊಂಡು, ಪರೀಕ್ಷೆಯಲ್ಲಿ ರೋಗಾಣು ಕಾಣದಷ್ಟು ಇಳಿದ ಮೇಲೆ, ಅವರಿಂದ ಸಂಗದ ಮೂಲಕ ಮತ್ತೊಬ್ಬರಿಗೆ ತಗಲದು. ಅಂಥವನು ದುಡಿದು, ಮಕ್ಕಳನ್ನು ಸಾಕಿ, ಮುದುಕನಾಗುವ ವರೆಗೆ ಬಾಳಬಲ್ಲನು. ಅವನ ಪಕ್ಕದಲ್ಲಿ ಬೆಂಚಿನ ಮೇಲೆ ಕೂಡ್ರುವದಕ್ಕೆ ನಾವು ಸಿದ್ಧರಿದ್ದೇವೋ ಎಂಬದೊಂದೇ ಉಳಿದ ಪ್ರಶ್ನೆ.

ನಮ್ಮ ದೃಷ್ಟಾಂತದ ಬೋಧಕರು ಆ ದಿನ ಯೌವನಸ್ಥನಿಗೆ ಉಪದೇಶವನ್ನು ಹೆಚ್ಚಾಗಿ ಮಾಡಲಿಲ್ಲ. ಅವನು ತಂದಿದ್ದ ಮೂರು ಚೀಟಿಗಳನ್ನು ನೋಡಿ, ಮಡಚಿ, ಅವನ ಕೈಯಲ್ಲಿಯೇ ಇಟ್ಟು, “ಇವು ಸತ್ಯವನ್ನೇ ಹೇಳುತ್ತವೆ, ತಮ್ಮಾ. ಇವುಗಳನ್ನು ನಂಬು. ಉಳಿದದ್ದನ್ನು ಇವುಗಳ ಹತ್ತರ ಕೇಳಬೇಡ. ಮನೆಗೆ ಹೋಗು. ಇವತ್ತು ಮೊದಲು ಕೂಸನ್ನು ಎತ್ತಿಕೋ” ಎಂದರು.

ಪ್ರಿಯ ವಾಚಕರೇ, ನಮ್ಮಲ್ಲಿ ಯಾರಾದರೂ ಇಂಥ ಭಯದಲ್ಲಿದ್ದರೆ, ರಕ್ತದ ಪ್ರಶ್ನೆಯನ್ನು ರಕ್ತದ ಬಳಿಗೆ ಒಯ್ಯಲಿ, ಕಾಲ ತುಂಬಿದ ಮೇಲೆ ಅದು ಹೇಳಿದ್ದನ್ನು ನಂಬಲಿ. ಮನಸ್ಸಾಕ್ಷಿಯ ಪ್ರಶ್ನೆಯನ್ನು ದೇವರ ಮುಂದೆಯೂ, ಯಾರಿಗೆ ತಪ್ಪುಮಾಡಿದನೋ ಅವರ ಮುಂದೆಯೂ ಇಡಲಿ. ಎರಡಕ್ಕೂ ಉತ್ತರವುಂಟು, ಆದರೆ ಒಂದರ ಉತ್ತರವು ಇನ್ನೊಂದರ ಬಾಗಿಲಲ್ಲಿ ಸಿಕ್ಕದು.